ಹುಣಸೆಬೀಜ ಜೋಡಿಸಿಕೊಟ್ಟ ಅಣ್ಣಂಗೆ

ನಮ್ ಹಾಡಿನ ವಿಡಿಯೋ ಕೊನೆಗೂ ಹೊರಗೆ ಬಂತು. ಯಾಕ್ ಲೇಟಾಯ್ತು, ಯಾರ್ ಯಾರ್ ಹತ್ರ ಜಗಳ ಆಯ್ತು ಅನ್ನೋದೆಲ್ಲ ನಿಮಗೆ ಗೊತ್ತಿರೋದೇ, ಮತ್ತೆ ಕೊರೆಯಲ್ಲ.

ಹಾಡಿದ ಇಬ್ಬರು ಹುಡುಗೀರಿಗೆ, ಬೆಳಗಿನ ಜಾವ ಐದಕ್ಕೆ ಎದ್ದು ಬಂದು ಗೇಟ್ ತೆಗೆದ ದ್ರಾಕ್ಷಿ ತೋಟದ ಯಜಮಾನ್ರಿಗೆ, ಮುಖಕ್ಕೆ ಬೆಳಕು ಬೀಳ್ಲಿ ಅಂತ ಥರ್ಮಾಕೋಲ್ ಶೀಟ್ ಹಿಡಿದೂ ಹಿಡಿದೂ ಕೈ ಸೋತ ಜೂನಿಯರ್‌ಗಳಿಗೆ, ಚಿತ್ರಾನ್ನ ಕಟ್ಕೊಟ್ಟ ಅಮ್ಮಂದಿರಿಗೆ, ಎಲ್ರಿಗೂ ಥ್ಯಾಂಕ್ಸ್.

ಈಗ ನಮ್ ದೊಡ್ಡಮ್ಮನ ಮಗನ ವಿಷ್ಯ. ಚಿಂತಾಮಣಿ ಕಡೆ ಮದುವೆ ವಿಡಿಯೋ ಮಾಡ್ತಾನೆ, ನಾವೆಲ್ಲ ಅವನನ್ನ 'ಬರೀ ಮದುವೆ ಕ್ಯಾಮೆರಾಮನ್' ಅಂತ ಆಡ್ಕೊಂಡಿದ್ದೂ ಇದೆ.

ಶೂಟಿಂಗ್ ಹಿಂದಿನ ದಿನ. 3 ನಿಮಿಷ 40 ಸೆಕೆಂಡ್ ಹಾಡಿಗೆ ನಾನು ಬರ್ದಿದ್ದು 64 ಶಾಟ್, ಅದ್ರಲ್ಲಿ ಅರ್ಧಕ್ಕರ್ಧ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಮೆಟ್ಟಿಲ ಮೇಲೆ. ಅಲ್ಲಿ ಟ್ರೈಪಾಡ್ ಇಟ್ಟು ಶೂಟ್ ಮಾಡ್ಬೇಕಂದ್ರೆ ಪುರಾತತ್ವ ಇಲಾಖೆ ಪರ್ಮಿಷನ್ ಮೊದ್ಲೇ ತಗೊಂಡಿರ್ಬೇಕು ಅಂತ ನನಗೆ ಹೊಳೆದಿದ್ದು ಆ ಸಂಜೆ. ಅರ್ಜಿ ಹಾಕೋ ಕೆಲ್ಸ ನಂದೇ ಆಗಿತ್ತು, ಹಾಕಿರ್ಲಿಲ್ಲ.

ಅಣ್ಣ ಬಂದಿದ್ದು ರಾತ್ರಿ ಹನ್ನೊಂದಕ್ಕೆ, ಯಾವ್ದೋ ರಿಸೆಪ್ಷನ್ ಮುಗಿಸ್ಕೊಂಡು, ಶರ್ಟಲ್ಲಿ ಇನ್ನೂ ಪನ್ನೀರಿನ ವಾಸ್ನೆ. ಲಿಸ್ಟ್ ನೋಡಿ 'ಇದೇನು, ಮದುವೆ ಊಟದ ಮೆನುನಾ?' ಅಂದ. ಅಷ್ಟರಲ್ಲಿ ಕರೆಂಟ್ ಹೋಯ್ತು. ಅಜ್ಜಿ ನೆಲದ ಮೇಲೆ ಚೌಕಾಬಾರದ ಮನೆ ಗೀಚಿಟ್ಟಿದ್ರಲ್ಲ, ಮೊಬೈಲ್ ಟಾರ್ಚ್ ಹಾಕಿ ಅದ್ರ ಮೇಲೇ ಶುರು ಮಾಡ್ದ. ಎರಡು ಕವಡೆ ಹಾಡೋರು, ಹುಣಸೆಬೀಜ ಕ್ಯಾಮೆರಾ. ಕವಡೆಯಿಂದ ಕವಡೆಗೆ ಸೀಮೆಸುಣ್ಣದ ಗೆರೆ ಎಳ್ದು, ಬೀಜ ಈ ಕಡೆನೇ ಇರ್ಲಿ, ಗೆರೆ ದಾಟಿಸಿದ್ರೆ ಕ್ಲೋಸಪ್ಪಲ್ಲಿ ಇಬ್ರೂ ಒಂದೇ ದಿಕ್ಕಿಗೆ ನೋಡ್ದಂಗೆ ಕಾಣುತ್ತೆ, ಸವಾಲಿಗೆ ಜವಾಬು ಕೊಟ್ಟಂಗೇ ಇರಲ್ಲ ಅಂದ. ಹಾಡಿನ ಸಾಲಿನ ಪ್ರಕಾರ ಬರ್ದಿದ್ದನ್ನೆಲ್ಲ ಹೊಡ್ದಾಕಿ ಬಿಸಿಲಿನ ಪ್ರಕಾರ ಬರ್ಸಿದ: ಎಳೆಬಿಸಿಲಿಗೆ ತೋಟ, ಮಧ್ಯಾಹ್ನ ಮನೆ ಒಳಗೆ, ಸಂಜೆ ಕಂದವಾರ ಕೆರೆ ಏರಿ. 64 ಇದ್ದಿದ್ದು 22 ಆಯ್ತು.

ಸುಮಾರು ಎರಡು ಗಂಟೆಗೆ ನಾನು ಅತ್ಬಿಟ್ಟೆ. ಒಬ್ಬೊಬ್ರ ಹತ್ರ 500 ರೂಪಾಯಿ ಇಸ್ಕೊಂಡಿದ್ದೆ, ಎಲ್ಲ ಗೊತ್ತಿರೋರ ಥರ ಮಾತಾಡಿದ್ದೆ, ನಿಜ ಹೇಳ್ಬೇಕಂದ್ರೆ ನನಗೆ ಏನೂ ಗೊತ್ತಿರ್ಲಿಲ್ಲ, ಅದು ಯಾರಿಗೂ ಗೊತ್ತಾಗ್ದೇ ಇರ್ಲಿ ಅಂತಾನೇ ಅಷ್ಟುದ್ದ ಲಿಸ್ಟ್ ಬರ್ದಿದ್ದು. ದುಡ್ಡು ವಾಪಸ್ ಕೊಟ್ಬಿಡ್ತೀನಿ ಅಂದೆ. ಅವ್ನು ಸಮಾಧಾನ ಗಿಮಾಧಾನ ಏನೂ ಮಾಡ್ಲಿಲ್ಲ. 'ಅಳ್ತಾ ಅಳ್ತಾನೇ ಬರಿ, ಬ್ಯಾಟರಿ 14 ಪರ್ಸೆಂಟ್ ಇದೆ' ಅಂದ. ಬರ್ದೆ.

ಸ್ಲೋ ಮೋಷನ್ ಗುಟ್ಟು ಹೇಳ್ಕೊಟ್ಟಿದ್ದೂ ಅವಾಗ್ಲೇ. ಸೆಕೆಂಡಿಗೆ 50 ಫ್ರೇಮಲ್ಲಿ ತೆಗ್ದು 25ಕ್ಕೆ ನಿಧಾನ ಮಾಡೋದಾದ್ರೆ, ಶೂಟಿಂಗಲ್ಲಿ ಹಾಡನ್ನ ಡಬಲ್ ಸ್ಪೀಡಲ್ಲಿ ಹಾಕಿ ತುಟಿ ಆಡಿಸ್ಬೇಕಂತೆ, ಇಲ್ಲಾಂದ್ರೆ ಸಿಂಕ್ ಆಗಲ್ಲ. ಬೆಳಿಗ್ಗೆ ತೋಟದಲ್ಲಿ ನಮ್ ವಿರಹಗೀತೆ ಇಲಿಮರಿ ಕಿರುಚ್ದಂಗೆ ಓಡ್ತಿತ್ತು, ಹಾಡಿದ ಹುಡುಗೀರಲ್ಲಿ ಒಬ್ಬಳು ಮುಖ ಗಂಭೀರ ಇಟ್ಕೊಂಡು ಪಟಪಟ ಅಂತ ತುಟಿ ಆಡಿಸ್ತಿದ್ಲು, ದ್ರಾಕ್ಷಿ ಕೀಳೋಕೆ ಬಂದೋರು ಕೆಲ್ಸ ಬಿಟ್ಟು ನಗ್ತಾ ಕೂತ್ರು. ಎಲ್ರೂ 'ಎಷ್ಟ್ ಚೆನ್ನಾಗಿದೆ' ಅಂತಿರೋದು ಅದೇ ಶಾಟ್.

ನಾಲ್ಕಕ್ಕೆಲ್ಲ ಅಣ್ಣ ಎದ್ದು ಹೊರಟ, ಅವ್ನಿಗೆ ಆರು ಗಂಟೆ ಮುಹೂರ್ತ ಇತ್ತು, ಕಣ್ಣು ಮುಚ್ಚಿರ್ಲಿಲ್ಲ. ಟೈಟಲ್ಸಲ್ಲಿ ಹೆಸರು ಹಾಕ್ತೀನಿ ಅಂದ್ರೂ ಬೇಡ ಅಂದ, ಮದುವೆ ಪಾರ್ಟಿಗಳು ನೋಡಿದ್ರೆ ನಮಗೂ ಒಂದು ಹಾಡು ಫ್ರೀಯಾಗಿ ಮಾಡ್ಕೊಡು ಅಂತ ಗಂಟು ಬೀಳ್ತಾರಂತೆ. ಅದಕ್ಕೇ ಇಲ್ಲೂ ಹೆಸರು ಹಾಕಿಲ್ಲ.

ಅಣ್ಣ, ನಿನ್ ಪವರ್‌ಬ್ಯಾಂಕ್ ನನ್ ಬ್ಯಾಗಲ್ಲೇ ಉಳ್ಕೊಂಡಿದೆ. ಭಾನುವಾರ ತಂದ್ಕೊಡ್ತೀನಿ, ದೊಡ್ಡಮ್ಮಂಗೆ ಮುದ್ದೆ ಬಸ್ಸಾರು ಮಾಡೋಕ್ ಹೇಳು.