ಮರದ ಮೈಗೆ ಬೀಳುವ ಬಿಸಿಲು

ಪ್ರಿಯ ಬಂಧುಗಳೇ,

ಕಳೆದ ಸಂಚಿಕೆಯ ಮಕ್ಕಳ ಪುಟದಲ್ಲಿ ಒಂದು ತಪ್ಪು ಅಚ್ಚಾಗಿದೆ. ‘ಭೂಮಿ ಸೂರ್ಯನ ಹತ್ತಿರ ಹೋದಾಗ ಬೇಸಗೆ, ದೂರ ಹೋದಾಗ ಚಳಿಗಾಲ’ ಎಂದು ಬರೆದಿದ್ದೆವು. ಕರಡು ನೋಡಿದವನು ನಾನೇ, ತಪ್ಪು ನನ್ನದೇ. ನಮ್ಮ ಟೊರಾಂಟೊ ಕನ್ನಡ ತರಗತಿಯ ಒಂಬತ್ತು ವರ್ಷದ ಹುಡುಗಿ ಅದನ್ನು ಓದಿ, ‘ಹಾಗಾದರೆ ಟೊರಾಂಟೊದಲ್ಲಿ ಹಿಮ ಬೀಳುವಾಗ ಊರಿನ ಅಜ್ಜನ ಮನೆಯಲ್ಲಿ ಫ್ಯಾನು ಯಾಕೆ ಬೇಕು? ಅಜ್ಜನೂ ಇದೇ ಭೂಮಿಯಲ್ಲಿ ಇದ್ದಾರಲ್ಲ?’ ಎಂದು ಕೇಳಿದಳು. ಎರಡು ಸಾಲಿನ ತಿದ್ದುಪಡಿ ಹಾಕಿ ಮುಗಿಸಬಹುದಿತ್ತು. ಇಷ್ಟು ಒಳ್ಳೆಯ ಪ್ರಶ್ನೆಗೆ ಅಷ್ಟು ಸಣ್ಣ ಉತ್ತರ ಕೊಡಲು ಮನಸ್ಸಾಗಲಿಲ್ಲ. ಈ ಸಲದ ಸಂಪಾದಕೀಯ ಅವಳಿಗೆ.

ನಾನೀಗ ಇರುವುದು ಕಾಸರಗೋಡಿನಲ್ಲಿ, ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ. ಡಿಸೆಂಬರಿನ ಮೊದಲ ವಾರ. ಜಗಲಿಯಲ್ಲಿ ಬರೀ ಬನಿಯನ್ನಿನಲ್ಲಿ ಕೂತು ಬರೆಯುತ್ತಿದ್ದೇನೆ. ಎದುರಿಗೆ ಅಂಗಳದಲ್ಲಿ ಹಣ್ಣಡಿಕೆ ಹರವಿದೆ. ಅಪ್ಪ ತೋಟದ ಕೆಳಗಿನ ಅಂಚಿನಲ್ಲಿ ಎಳೆಯ ಅಡಿಕೆ ಮರಗಳಿಗೆ ಸೋಗೆ ಕಟ್ಟುತ್ತಿದ್ದಾರೆ. ಎಲ್ಲ ಮರಗಳಿಗೂ ಅಲ್ಲ, ತೆಂಕು (ದಕ್ಷಿಣ) ಮತ್ತು ಪಡು (ಪಶ್ಚಿಮ) ಬದಿಯ ಸಾಲುಗಳಿಗೆ ಮಾತ್ರ.

ನಿನ್ನೆ ಅವರೊಟ್ಟಿಗೆ ಹೋಗಿ ಒಂದು ಹಳೆಯ ಮರವನ್ನು ಹತ್ತಿರದಿಂದ ನೋಡಿದೆ. ಅದರ ಬಡಗು (ಉತ್ತರ) ಮೈ ತಣ್ಣಗೆ, ಹಾವಸೆಯ ಬಣ್ಣಕ್ಕೆ, ನುಣುಪಾಗಿತ್ತು. ಸುತ್ತು ಬಂದು ನೈಋತ್ಯದ ಕಡೆ ನಿಂತರೆ ಅದು ಬೇರೆಯೇ ಮರ. ಆಳೆತ್ತರಕ್ಕೆ ಕಂದು ಕಲೆ, ನಡುವೆ ಉದ್ದಕ್ಕೆ ಸೀಳು. ಬೆರಳು ಹಾಕಿದರೆ ಒಳಗಿನ ನಾರು ಪುಡಿಪುಡಿಯಾಗಿ ಕೈಗೆ ಬಂತು. ಮೊದಲು ಬಂಗಾರದ ಬಣ್ಣದ ಮಚ್ಚೆ ಏಳುತ್ತದೆ, ಆಮೇಲೆ ಕಂದಾಗುತ್ತದೆ, ಆಮೇಲೆ ಬಿರಿಯುತ್ತದೆ, ಕೊನೆಗೊಂದು ದಿನ ಗಾಳಿಗೆ ಅಲ್ಲಿಂದಲೇ ಮುರಿಯುತ್ತದೆ. ಅಪ್ಪ ಹೇಳಿದರು: ‘ಬಿಸುವಿನ ಬಿಸಿಲು ಮರದ ತಲೆಗೆ ಬೀಳುವುದು, ತಲೆ ತಡೆದುಕೊಳ್ಳುತ್ತದೆ. ಮಕರದ ಬಿಸಿಲು ಮೈಗೆ ಬೀಳುವುದು. ಅದಕ್ಕೆ ಎಂತದಾದರೂ ಮರೆ ಬೇಕು.’ (ಬಿಸು ಎಂದರೆ ಏಪ್ರಿಲ್ ನಡುವಿನ ಹೊಸವರ್ಷದ ಹಬ್ಬ, ಮಕರ ಎಂದರೆ ಜನವರಿ ನಡುವಿನಿಂದ ಒಂದು ತಿಂಗಳು.)

ಋತುಗಳ ಇಡೀ ಗುಟ್ಟು ಆ ಮಾತಿನಲ್ಲಿ ಉಂಟು ಎಂದು ನನಗೆ ಅನ್ನಿಸಿತು. ಒಂದೇ ಮರ, ಎರಡು ಮೈ. ಸೂರ್ಯನಿಂದ ಎರಡಕ್ಕೂ ಇರುವ ದೂರ ಒಂದೇ. ಬೇರೆಯಾದದ್ದು ಬಿಸಿಲು ತಾಗುವ ಕೋನ.

ದೂರದ ಮಾತನ್ನು ಮೊದಲೇ ಮುಗಿಸುತ್ತೇನೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರಿಗೆ. ಅತಿ ದೂರ ಹೋಗುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿಗೆ. ಅಂದರೆ ಟೊರಾಂಟೊದಲ್ಲಿ ನಾವು ಹಿಮ ಗೋರುವ ಹೊತ್ತಿಗೇ ಸೂರ್ಯ ನಮಗೆ ಹೆಚ್ಚು ಹತ್ತಿರ. ಈ ವ್ಯತ್ಯಾಸದಿಂದ ಭೂಮಿಗೆ ಬರುವ ಬೆಳಕು ಶೇಕಡಾ 7ರಷ್ಟು ಹೆಚ್ಚು ಕಡಿಮೆ ಆಗುತ್ತದೆ, ಆದರೆ ಅದು ಇಡೀ ಭೂಮಿಗೆ ಒಟ್ಟಿಗೇ ಆಗುವಂಥದ್ದು. ಮೆಲ್ಬರ್ನಿನಲ್ಲಿ ಸೆಕೆ, ಟೊರಾಂಟೊದಲ್ಲಿ ಚಳಿ ಎಂಬುದಕ್ಕೆ ಅದು ಕಾರಣವಾಗಲಾರದು. ಪಠ್ಯಪುಸ್ತಕಗಳಲ್ಲಿ ಭೂಮಿಯ ದಾರಿಯನ್ನು ಕೋಳಿಮೊಟ್ಟೆಗಿಂತ ಉದ್ದಕ್ಕೆ ಎಳೆದು ಬರೆಯುತ್ತಾರೆ; ಮಕ್ಕಳ ತಪ್ಪು ತಿಳಿವಳಿಕೆ ಅಲ್ಲಿಂದಲೇ ಶುರುವಾಗುತ್ತದೆ ಎಂದು ನನ್ನ ಅಂದಾಜು. ನಿಜವಾದ ದಾರಿಯನ್ನು ಕಾಗದದಲ್ಲಿ ಬರೆದರೆ ಬಳೆಯಷ್ಟೇ ದುಂಡಗೆ ಕಾಣುತ್ತದೆ.

ಇನ್ನು ಕೋನ. ಇದಕ್ಕೆ ಅಡುಗೆಮನೆಗೆ ಹೋದರೆ ಸಾಕು. ಒಂದು ಸೌಟು ಹಿಟ್ಟನ್ನು ಸಣ್ಣದಾಗಿ ಹೊಯ್ದರೆ ದೋಸೆ ದಪ್ಪ, ಅದೇ ಒಂದು ಸೌಟನ್ನು ಕಾವಲಿ ತುಂಬ ಎಳೆದರೆ ತೆಳು. ಹಿಟ್ಟು ಹೆಚ್ಚು ಕಡಿಮೆ ಆಗಲಿಲ್ಲ, ಹರಡಿದ ಜಾಗ ಹೆಚ್ಚಾಯಿತು. ಬಿಸಿಲೂ ಹಾಗೆಯೇ. ನೆತ್ತಿಯ ಮೇಲಿಂದ ನೇರ ಬಿದ್ದರೆ ಒಂದು ಚದರ ಮೀಟರಿನ ಬಿಸಿಲು ನೆಲದ ಒಂದು ಚದರ ಮೀಟರನ್ನೇ ಕಾಯಿಸುತ್ತದೆ. ಓರೆಯಾದಂತೆ ಅದೇ ಬಿಸಿಲು ಹೆಚ್ಚು ನೆಲಕ್ಕೆ ಹಂಚಿಹೋಗುತ್ತದೆ. ಡಿಸೆಂಬರ್ 21ರ ನಡುಹಗಲಿನಲ್ಲಿ ಟೊರಾಂಟೊದ ಸೂರ್ಯ ದಿಗಂತದಿಂದ ಸುಮಾರು 23 ಡಿಗ್ರಿಯಷ್ಟೇ ಮೇಲಿರುತ್ತಾನೆ. ಅಲ್ಲಿ ಒಂದು ಚದರ ಮೀಟರಿನ ಬಿಸಿಲು ಎರಡೂವರೆ ಚದರ ಮೀಟರಿಗೆ ಹರಡುತ್ತದೆ. ಜೊತೆಗೆ ಓರೆ ಬಿಸಿಲಿಗೆ ಗಾಳಿಯೊಳಗಿನ ದಾರಿಯೂ ಉದ್ದ, ಅಲ್ಲಿಯೂ ಸ್ವಲ್ಪ ಸೋರಿಹೋಗುತ್ತದೆ. ಅದೇ ದಿನ ಇಲ್ಲಿ ಬದಿಯಡ್ಕದಲ್ಲಿ ಸೂರ್ಯನ ಎತ್ತರ 54 ಡಿಗ್ರಿ. ಬಿಸಿಲು ಹರಡುವುದು ಒಂದೂಕಾಲು ಚದರ ಮೀಟರಿಗಿಂತ ಹೆಚ್ಚಿಲ್ಲ. ಅಜ್ಜನ ಮನೆಯ ಫ್ಯಾನು ಇದಕ್ಕೇ ಬೇಕು, ಮಗಳೇ.

ಹಗಲಿನ ಉದ್ದವೂ ಸೇರಬೇಕು. ಕಾಸರಗೋಡಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ. ಟೊರಾಂಟೊದಲ್ಲಿ ಅದು ಆರೂವರೆ ಗಂಟೆ. ಒಲೆಯ ಉರಿಯೂ ಸಣ್ಣ, ಉರಿಯುವ ಹೊತ್ತೂ ಕಡಿಮೆ ಎಂದಾದರೆ ನೀರು ಹೇಗೆ ಕಾದೀತು?

ಮರದ ಮೈ ನೆಟ್ಟಗೆ ನಿಂತದ್ದು. ಆದ್ದರಿಂದ ಅದಕ್ಕೆ ಲೆಕ್ಕ ತಿರುಗುಮುರುಗು. ನೆತ್ತಿಯ ಸೂರ್ಯ ಅದನ್ನು ಮುಟ್ಟುವುದೇ ಇಲ್ಲ, ಮರದ ಸ್ವಂತ ಮಂಡೆಯೇ ಕೊಡೆಯಾಗುತ್ತದೆ. ಸೂರ್ಯ ತೆಂಕಿಗೆ ಇಳಿದ ತಿಂಗಳುಗಳಲ್ಲಿ, ಮೋಡವಿಲ್ಲದ ಆಕಾಶದಲ್ಲಿ, ಇಬ್ಬನಿ ಆರಿ ಗಾಳಿ ಬಿಸಿಯಾದ ಮಧ್ಯಾಹ್ನದ ಮೇಲೆ, ಬಿಸಿಲು ಓರೆಯಾಗಿ ಬಂದು ಕಾಂಡಕ್ಕೇ ತಾಗುತ್ತದೆ. ಸುಟ್ಟ ಮೈ ನೈಋತ್ಯದ್ದೇ ಆಗುವುದು ಅದಕ್ಕೆ. ಕೃಷಿ ತಜ್ಞರು ಹೊಸ ತೋಟದ ಸಾಲುಗಳನ್ನು ಉತ್ತರ ದಕ್ಷಿಣ ಗೆರೆಯಿಂದ 35 ಡಿಗ್ರಿ ಪಶ್ಚಿಮಕ್ಕೆ ಓರೆ ಮಾಡಿ ನೆಡಲು ಹೇಳುವುದೂ ಒಂದು ಮರದ ನೆರಳು ಇನ್ನೊಂದರ ಕಾಂಡಕ್ಕೆ ಬೀಳಲಿ ಎಂದೇ. ನಮ್ಮ ಟೊರಾಂಟೊ ಮನೆಗಳ ತೆಂಕು ಕಿಟಕಿಯಿಂದ ಜನವರಿಯ ಬಿಸಿಲು ಎದುರು ಗೋಡೆಯವರೆಗೆ ಬರುವುದನ್ನು, ಜುಲೈಯಲ್ಲಿ ಕಿಟಕಿಯ ಬುಡದಲ್ಲೇ ನಿಲ್ಲುವುದನ್ನು ನೀವೂ ನೋಡಿರುತ್ತೀರಿ.

ಸೂರ್ಯ ತೆಂಕು ಬಡಗು ಓಡಾಡುವುದು ಯಾಕೆ? ಮೊನ್ನೆ ಸಂಜೆ ತಮ್ಮನ ಮಗಳಿಗೆ ಅಂಗಳದಲ್ಲಿ ಇದನ್ನು ತೋರಿಸಿದೆ. ನಡುವೆ ಕಾಲುದೀಪ ಹಚ್ಚಿಟ್ಟು, ಅವಳ ಕೈಗೆ ಜುಟ್ಟಿರುವ ತೆಂಗಿನಕಾಯಿ ಕೊಟ್ಟೆ. ಜುಟ್ಟು ಸ್ವಲ್ಪ ಬಡಗಿಗೆ, ಕೊಟ್ಟಿಗೆಯ ಕಡೆಗೆ ವಾಲಿರಬೇಕು. ಎಲ್ಲಿ ನಿಂತರೂ ಆ ವಾಲಿಕೆ ತಪ್ಪಬಾರದು ಎಂದೆ. ಅವಳು ದೀಪಕ್ಕೆ ಸುತ್ತು ಬಂದಳು. ದೀಪದ ತೆಂಕಿನಲ್ಲಿ ನಿಂತಾಗ ಜುಟ್ಟು ಬೆಳಕಿನ ಕಡೆಗೆ ವಾಲಿತು, ಕಾಯಿಯ ಮೇಲರ್ಧಕ್ಕೆ ಬೆಳಕು ನೇರ ಬಿತ್ತು. ಬಡಗಿಗೆ ಬಂದಾಗ ಜುಟ್ಟು ಬೆಳಕಿಗೆ ಬೆನ್ನು ಹಾಕಿತು, ಕೆಳಗಿನರ್ಧ ಬೆಳಗಿತು. ‘ದೊಡ್ಡಪ್ಪ, ನಾನು ಕಾಯಿಯನ್ನು ತಿರುಗಿಸಲೇ ಇಲ್ಲ!’ ಎಂದಳು. ಭೂಮಿಯೂ ತಿರುಗಿಸುವುದಿಲ್ಲ. ಅದರ ಅಕ್ಷ ಸುಮಾರು 23.5 ಡಿಗ್ರಿ ವಾಲಿಕೊಂಡು ವರ್ಷವಿಡೀ ಧ್ರುವ ನಕ್ಷತ್ರದ ಕಡೆಗೇ ಇರುತ್ತದೆ. ಜೂನಿನಲ್ಲಿ ಉತ್ತರಾರ್ಧ ಸೂರ್ಯನತ್ತ, ಡಿಸೆಂಬರಿನಲ್ಲಿ ದಕ್ಷಿಣಾರ್ಧ. ಉತ್ತರಾಯಣ, ದಕ್ಷಿಣಾಯನ ಎಂದು ನಾವು ಕರೆಯುವುದು ಇದನ್ನೇ. (ನಿಜವಾದ ಉತ್ತರಾಯಣ ಶುರುವಾಗುವುದು ಡಿಸೆಂಬರ್ 21 ಅಥವಾ 22ಕ್ಕೆ, ಮಕರ ಸಂಕ್ರಾಂತಿಗೂ ಅದಕ್ಕೂ 24 ದಿನಗಳ ಅಂತರ ಬಿದ್ದದ್ದು ಭೂಮಿಯ ಅಕ್ಷ ಬುಗುರಿಯಂತೆ ಬಹಳ ನಿಧಾನವಾಗಿ ತೂಗುವುದರಿಂದ. ಸುಮಾರು 1700 ವರ್ಷಗಳ ಹಿಂದೆ ಎರಡೂ ಒಟ್ಟಿಗೇ ಬರುತ್ತಿದ್ದವು.)

ಕಾಸರಗೋಡು ಇರುವುದು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಇಲ್ಲಿಯ ನೆತ್ತಿಗೆ ಎರಡು ಸಲ ಬರುತ್ತಾನೆ: ಬಿಸು ಕಳೆದು ಹತ್ತು ದಿನಕ್ಕೆ, ಏಪ್ರಿಲ್ 24ರ ಹೊತ್ತಿಗೆ; ಮತ್ತೆ ಆಗಸ್ಟ್ 20ರ ಹೊತ್ತಿಗೆ. ಆ ದಿನ ನಡುಹಗಲಿನಲ್ಲಿ ಅಂಗಳದ ತುಳಸಿಕಟ್ಟೆಗೆ ನೆರಳೇ ಇರುವುದಿಲ್ಲ. ನಡುವಿನ ನಾಲ್ಕು ತಿಂಗಳು ನಡುಹಗಲಿನ ನೆರಳು ತೆಂಕಿಗೆ ಬೀಳುತ್ತದೆ. ಟೊರಾಂಟೊದಲ್ಲಿ ಹಾಗೆ ಎಂದೂ ಆಗದು. ಹಾಗಾದರೆ ಜೂನ್ ಜುಲೈಯಲ್ಲಿ ಇಲ್ಲಿ ಸೆಕೆ ಯಾಕಿಲ್ಲ ಎಂದು ನೀವು ಕೇಳಬಹುದು. ಆಗ ಮಳೆ. ಆ ಮಳೆಯೂ ಇದೇ ಕೋನದ ಮಗು. ಸೂರ್ಯ ಬಡಗಿಗೆ ಸರಿದು ಉತ್ತರದ ನೆಲವೆಲ್ಲ ಕಾದಾಗ ಅಲ್ಲಿಯ ಗಾಳಿ ಹಗುರಾಗಿ ಮೇಲೇರುತ್ತದೆ, ಅರಬ್ಬೀ ಸಮುದ್ರದ ಒದ್ದೆ ಗಾಳಿ ನುಗ್ಗಿ ಬಂದು ನಮ್ಮ ಘಟ್ಟಕ್ಕೆ ಹೊಡೆಯುತ್ತದೆ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಎಲ್ಲರ ಕಣ್ಣೂ ಆ ಮೋಡದ ಮೇಲೆ.

ಅಂಗಳದ ತೆಂಕಿನಲ್ಲಿ 50 ಅಡಿಯ ತೆಂಗಿನಮರ ಒಂದುಂಟು. ಈಗ ನಡುಹಗಲಿಗೂ ಅದರ ನೆರಳು ಸುಮಾರು 35 ಅಡಿ ಉದ್ದ ಬಿದ್ದು ಅಡಿಕೆಯ ಮೇಲೆ ಹಾಯುತ್ತದೆ. ಅಮ್ಮ ದಿನಾ ಅಷ್ಟು ಜಾಗ ಬಿಟ್ಟು ಹರವುತ್ತಾರೆ.

ಡಿಸೆಂಬರ್ 21ಕ್ಕೆ ನಾನು ಇಲ್ಲಿ ಒಂದು ಮೀಟರ್ ಕೋಲು ನೆಟ್ಟು, ಮಧ್ಯಾಹ್ನ 12 ಗಂಟೆ 28 ನಿಮಿಷದ ಹೊತ್ತಿಗೆ ನೆರಳು ಅಳೆಯುತ್ತೇನೆ. ಲೆಕ್ಕದ ಪ್ರಕಾರ ಸುಮಾರು 73 ಸೆಂಟಿಮೀಟರ್ ಬರಬೇಕು. ಟೊರಾಂಟೊದಲ್ಲಿರುವ ಮಕ್ಕಳು ಅಲ್ಲಿಯ 12 ಗಂಟೆ 16 ನಿಮಿಷದ ಹೊತ್ತಿಗೆ ಅಷ್ಟೇ ಉದ್ದದ ಕೋಲಿನ ನೆರಳು ಅಳೆಯಲಿ. ಸುಮಾರು 2 ಮೀಟರ್ 37 ಸೆಂಟಿಮೀಟರ್ ಸಿಗಬೇಕು. ಅಂದು ಮೋಡವಿದ್ದರೆ ಹಿಂದೆ ಮುಂದೆ ನಾಲ್ಕು ದಿನದಲ್ಲಿ ಯಾವಾಗಲಾದರೂ ಸರಿ, ಆ ದಿನಗಳಲ್ಲಿ ಸೂರ್ಯ ಹೆಚ್ಚು ಕದಲುವುದಿಲ್ಲ. ಕೋಲು ನೆಟ್ಟಗೆ ಇರಲಿ, ಹಿಮ ಗೋರಿ ನೆಲ ಸಮ ಮಾಡಿಕೊಳ್ಳಿ. ಅಳತೆ ಬರೆದು ಕಳಿಸಿದ ಎಲ್ಲರ ಹೆಸರೂ ಮುಂದಿನ ಮಕ್ಕಳ ಪುಟದಲ್ಲಿ ಬರುತ್ತದೆ, ಮೊದಲ ಹೆಸರು ಪ್ರಶ್ನೆ ಕೇಳಿದ ಹುಡುಗಿಯದು.

ಸಂಪಾದಕ