ಇನಾರಿಯಿಂದ ಒಂದು ಪತ್ರ

ಪ್ರೀತಿಯ ಅಪ್ಪ, ಅಮ್ಮ,

ನಾವೆಲ್ಲ ಆರಾಮಾಗಿದ್ದೇವೆ. ರಜೆ ಸಿಕ್ಕಿತು ಅಂತ ಫಿನ್ಲೆಂಡಿನ ಉತ್ತರಕ್ಕೆ, ಇನಾರಿ ಅನ್ನುವ ಊರಿಗೆ ಬಂದಿದ್ದೇವೆ. ಈಗ ಇಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಸೊಳ್ಳೆಗಳಿಗೂ ನಿದ್ದೆ ಇಲ್ಲ.

ಅಪ್ಪ, ಇಲ್ಲಿನ ಸೀಡಾ ಮ್ಯೂಸಿಯಂ ಬಗ್ಗೆ ನಿಮಗೆ ಹೇಳಲೇಬೇಕು. ಸಾಮಿ ಜನ ಈ ಸೀಮೆಯ ಮೂಲನಿವಾಸಿಗಳು. ಹಿಮಸಾರಂಗ ಸಾಕುವುದು, ಮೀನು ಹಿಡಿಯುವುದು, ಬೇಟೆ ಇವರ ಕಸುಬು. ಅವರ ಹಳೇ ಮನೆ, ಉಗ್ರಾಣ, ಬೋನುಗಳನ್ನೆಲ್ಲ ಮರಗಳ ನಡುವೆಯೇ ನಿಲ್ಲಿಸಿದ್ದಾರೆ. ನಡೆಯುತ್ತಾ ನೋಡಬೇಕು.

1944ರಲ್ಲಿ ಜರ್ಮನ್ ಸೈನ್ಯ ಹಿಂದೆ ಸರಿಯುವಾಗ ಲ್ಯಾಪ್‌ಲ್ಯಾಂಡಿಗೆ, ಅಂದರೆ ಫಿನ್ಲೆಂಡಿನ ಈ ಉತ್ತರ ಭಾಗಕ್ಕೆ, ಬೆಂಕಿ ಇಟ್ಟು ಹೋಯಿತಂತೆ. ಮನೆಗಳು ಹೋದವು, ಸಾಮಾನೂ ಹೋಯಿತು. ಅಲ್ಲಿ ಇಲ್ಲಿ ಉಳಿದದ್ದನ್ನಾದರೂ ಕಾಪಾಡೋಣ ಅಂತ ಸಾಮಿಗಳೇ ಮುಂದೆ ಬಂದರು. ಹಳೇ ಕಟ್ಟಡಗಳನ್ನು ಇಲ್ಲಿಗೆ ತಂದು ಮತ್ತೆ ಎಬ್ಬಿಸಿದರು. 1963ರಲ್ಲಿ ಇದು ಜನರಿಗೆ ತೆರೆಯಿತು.

ನನಗೆ ತುಂಬಾ ಹಿಡಿಸಿದ್ದು ಒಂಟಿ ಕಾಲಿನ ಉಗ್ರಾಣ. ನಮ್ಮ ಗದ್ದೆಯಲ್ಲಿ ಹಂದಿ ಕಾಯುವ ಮಾಳ ಇತ್ತಲ್ಲ, ಅದಕ್ಕೆ ನಾಲ್ಕು ಕಾಲಿನ ಬದಲು ಒಂದೇ ಕಾಲು ಅಂದ್ಕೊಳ್ಳಿ. ದಪ್ಪ ಮರದ ಬುಡದ ಮೇಲೆ ದಿಮ್ಮಿಯ ಪುಟ್ಟ ಕೋಣೆ. ಮಾಂಸ, ಒಣಮೀನು ಅದರೊಳಗೆ. ಕಾಡುಪ್ರಾಣಿಗಳಿಗೆ ಸುಲಭಕ್ಕೆ ಎಟುಕುವುದಿಲ್ಲ. ಹತ್ತಲು ಮೆಟ್ಟಿಲು ಕೊರೆದ ಒಂದು ದಿಮ್ಮಿ ಒರಗಿಸಿಟ್ಟಿದ್ದರು. ಬೇಡದಾಗ ಅದನ್ನು ತೆಗೆದಿಟ್ಟರೆ ಆಯಿತು, ಬೀಗವೇ ಬೇಡ! ಪಕ್ಕದಲ್ಲೇ ಬೋನುಗಳು. ಪ್ರಾಣಿ ಆಸೆಗೆ ಬಿದ್ದು ಮುಟ್ಟಿದರೆ ಸಾಕು, ಮೇಲಿನ ದಿಮ್ಮಿಗಳ ಭಾರ ಧೊಪ್ಪೆಂದು ಕುಸಿಯುತ್ತದೆ. ಪುಟ್ಟಿಗೆ ಅಲ್ಲಿಂದ ಹೊರಡಲು ಮನಸ್ಸೇ ಇರಲಿಲ್ಲ.

ಸಾಮಿಗಳಲ್ಲೇ ಒಂದು ಪಂಗಡವಾದ ಸ್ಕೋಲ್ಟ್ ಸಾಮಿಗಳ ಕತೆ ಬೇರೆ. ಅವರ ನೆಲವಾದ ಪೆತ್ಸಾಮೋ ಯುದ್ಧದ ಕೊನೆಗೆ ಸೋವಿಯತ್ ಒಕ್ಕೂಟದ ಪಾಲಾಯಿತು. ಅವರನ್ನು ತಂದು ಇನಾರಿಯ ಸುತ್ತಮುತ್ತ ನೆಲೆಗೊಳಿಸಿದರು. ಅಣೆಕಟ್ಟಿಗೆ ಊರು ಬಿಟ್ಟವರನ್ನು ನೀವು ನೋಡಿದ್ದೀರಿ, ಜಾಸ್ತಿ ಹೇಳಬೇಕಿಲ್ಲ.

ಇನ್ನೊಂದು ವಿಷಯ. ಹೆಲ್ಸಿಂಕಿಯ ರಾಷ್ಟ್ರೀಯ ಮ್ಯೂಸಿಯಂನಲ್ಲಿದ್ದ 2,200ಕ್ಕೂ ಹೆಚ್ಚು ಸಾಮಿ ವಸ್ತುಗಳನ್ನು 2021ರಲ್ಲಿ ಸೀಡಾ ಮ್ಯೂಸಿಯಂಗೇ ವಾಪಸ್ ಕೊಟ್ಟರು. ಕೊಡಬೇಕಾದ್ದೇ, ಅಲ್ವಾ? 2024ರಲ್ಲಿ ಯೂರೋಪಿನ ವರ್ಷದ ಮ್ಯೂಸಿಯಂ ಪ್ರಶಸ್ತಿಯೂ ಇದಕ್ಕೇ ಬಂತು. ಆದರೆ ನನಗೆ ಆ ವಾಪಸಾತಿಯೇ ದೊಡ್ಡದು ಅನಿಸಿತು. ಇಲ್ಲಿ ತಮ್ಮ ಕತೆಯನ್ನು ಸಾಮಿಗಳೇ ಹೇಳುತ್ತಾರೆ. ಹೊರಗಿನವರು ಬಂದು 'ಇವರು ಹೀಗಿದ್ದರು' ಅನ್ನುವ ದನಿ ಇಲ್ಲ.

ಮುಂದಿನ ವರ್ಷ ನೀವು ಬರುವುದಾದರೆ ಜೂನ್‌ನಲ್ಲೇ ಬನ್ನಿ. ಅಮ್ಮ, ಬೆಳಕಿದ್ದರೆ ನಿಮಗೆ ನಿದ್ದೆ ಬರಲ್ಲ, ಕಣ್ಣಿಗೆ ಕಟ್ಟಿಕೊಳ್ಳಲು ಕಪ್ಪು ಬಟ್ಟೆ ತನ್ನಿ. ಅಪ್ಪನ ಮಂಡಿ ನೋವು ಹೇಗಿದೆ, ಮರೆಯದೆ ಬರೆಯಿರಿ.

ನಿಮ್ಮ ಮಗಳು