ಉದ್ರಿ ಕೊಟ್ಟವರಿಗೆ, ಕಾಯ್ದವರಿಗೆ ಶರಣು

ಕಳೆದ ವಾರ ನಮ್ಮ ಸಂಘದ ಬಾಕಿ ಪುಸ್ತಕದ ಕೊನೆಯ ಹೆಸರಿನ ಮುಂದೆ ‘ಚುಕ್ತಾ’ ಎಂದು ಬರೆದೆವು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗಿನಿಂದ ಹೊತ್ತುಕೊಂಡು ಬಂದಿದ್ದ ನೇಕಾರರ ಮಜೂರಿ, ನೂಲಿನ ಉದ್ರಿ, ಕಚೇರಿಯವರ ಪಗಾರ ಎಲ್ಲವೂ ಮುಟ್ಟಿತು. ಇದಕ್ಕೆ ಕಾರಣರಾದವರಿಗೆ ನಾಲ್ಕು ಜನರ ಎದುರೇ ಶರಣು ಹೇಳಬೇಕು.

ಇಳಕಲ್‌ನ ಸಣ್ಣ ನೇಕಾರ ಸಂಘ ನಮ್ಮದು. ಕಚೇರಿಯಲ್ಲಿ ಇರುವವರು ನಾಲ್ಕೇ ಮಂದಿ. ಲೆಕ್ಕ ಬರೆಯುವವನೂ ನಾನೇ, ಸೀರೆ ಮಡಚಿ ಪಾರ್ಸೆಲ್ ಕಟ್ಟುವವನೂ ನಾನೇ. ದೊಡ್ಡ ಸಂಸ್ಥೆಯಲ್ಲಾದರೆ ‘ಮೇಲಿನವರನ್ನು ಕೇಳ್ರಿ’ ಎನ್ನಬಹುದು. ಇಲ್ಲಿ ಮಜೂರಿ ಕೊಡದ ದಿನವೂ ಅದೇ ನೇಕಾರರ ಓಣಿಯಲ್ಲಿ ಹಾದು ಮನೆಗೆ ಹೋಗಬೇಕು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಹಾಗಾಗಿ ಒಂದು ಹಾಸಿನಲ್ಲಿ ಒಂದೇ ಸೀರೆ. ಮುಂದಿನದಕ್ಕೆ ಮತ್ತೆ ಮೊದಲಿನಿಂದ ಕೊಂಡಿ. ಸೆರಗಿನ ಕೆಂಪು ರೇಷ್ಮೆ ಬರಲಿಲ್ಲವೆಂದರೆ ಒಡಲಿನ ನೂಲು ಇದ್ದೂ ಮಗ್ಗ ಖಾಲಿ. ಲಾಕ್‌ಡೌನ್‌ನಲ್ಲಿ ಆದದ್ದೂ ಅದೇ. ಮದುವೆಗಳಿಲ್ಲ, ಮೇಳಗಳಿಲ್ಲ, ನೇಯ್ದಿಟ್ಟ ಸೀರೆಗಳಿಗೆ ಗಿರಾಕಿಯೂ ಇಲ್ಲ.

‘ನೂಲು ಒಯ್ರಿ, ರೊಕ್ಕದ್ದು ಆಮ್ಯಾಲೆ ನೋಡೂಣು’ ಎಂದ ನೂಲಿನ ಸಾವುಕಾರರಿಗೆ, ಬಾಡಿಗೆ ಕೇಳಲು ಒಮ್ಮೆಯೂ ಮೆಟ್ಟಿಲು ಹತ್ತದ ಕಟ್ಟಡದ ಮಾಲಕರಿಗೆ ಮೊದಲ ಶರಣು.

ನಮ್ಮಲ್ಲಿ ಕೊಂಡಿ ಹಾಕುವ ಕಾಕು (ಚಿಕ್ಕಮ್ಮ) ಒಬ್ಬರಿದ್ದಾರೆ. ಸೆರಗಿನ ಎಳೆಯ ಕುಣಿಕೆಯನ್ನು ಎಡಗೈ ಬೆರಳಿಗೆ ಸಿಕ್ಕಿಸಿಕೊಂಡು, ಒಡಲಿನ ಎಳೆ ತೂರಿಸಿ, ತಿರುವಿ, ಮುಂದಿನದಕ್ಕೆ ಹೋಗುತ್ತಾರೆ. ಪಕ್ಕದಲ್ಲಿ ಕೂತು ನೋಡಿದರೂ ಬೆರಳು ಯಾವಾಗ ಸರಿಯಿತು ಎಂದು ತಿಳಿಯುವುದಿಲ್ಲ. ಅವರ ಮಜೂರಿಯೇ ಎಲ್ಲರಿಗಿಂತ ಕಡಿಮೆ. ಅಷ್ಟಿಷ್ಟು ರೊಕ್ಕ ಬಂದಾಗ ಅವರು ಹೇಳಿದ್ದು: ‘ಮಗ್ಗದಾಗ ಕುಂತವರಿಗೆ ಮೊದಲ ಕೊಡ್ರಿ. ನಂದು ಎಲ್ಲಿ ಹೋಗತೈತಿ, ಪುಸ್ತಕದಾಗ ಐತಲ್ಲ.’ ಕಾಕು, ನಿಮ್ಮ ಆ ಮಾತಿನ ಮೇಲೆ ಸಂಘ ನಿಂತಿತು.

ಪುಸ್ತಕವನ್ನು ಅಷ್ಟು ನಂಬುವಂತೆ ಇಟ್ಟವರು ನಮ್ಮ ಕಾರ್ಯದರ್ಶಿ ಅಕ್ಕಾವರು. ‘ನಾವೆಲ್ಲ ಒಂದೇ ಮನೆಯವರು’ ಎನ್ನುತ್ತ ಪಗಾರ ಮುಳುಗಿಸುವ ಸಣ್ಣ ಸಂಸ್ಥೆಗಳನ್ನು ನಾನು ಬಲ್ಲೆ. ಅಕ್ಕಾವರು ಮನೆಯವರ ಹಾಗೆ ನೋಡಿಕೊಂಡರೂ ಪ್ರತಿ ತಿಂಗಳು ಯಾರಿಗೆ ಎಷ್ಟು ಕೊಡುವುದಿದೆ ಎಂದು ಬರೆದು, ಸಭೆಯಲ್ಲಿ ಗಟ್ಟಿಯಾಗಿ ಓದಿದರು. ತಮ್ಮ ಹೆಸರನ್ನು ಕೊನೆಗೆ ಬರೆದರು, ಕೊನೆಗೇ ತೆಗೆದುಕೊಂಡರು. ‘ಚುಕ್ತಾ’ ಆದ ಆ ಕೊನೆಯ ಹೆಸರು ಅವರದೇ.

ಪಗಾರವಿಲ್ಲದ ತಿಂಗಳುಗಳಲ್ಲಿ ಹೊಲಿಗೆ ಮಷೀನಿನ ಮೇಲೆ ಸಂಸಾರ ನಡೆಸಿದ ನನ್ನ ಹೆಂಡತಿಗೂ ಶರಣು. ಇವತ್ತಿಗೂ ಆಕೆ ಆ ಮಾತು ಎತ್ತಿ ಆಡಿಲ್ಲ.

ಬೆಂಗಳೂರು, ಪುಣೆ, ಸೊಲ್ಲಾಪುರದಿಂದ ಮುಂಗಡ ಕಳಿಸಿ ‘ಸಾವಕಾಶ ಆಗಲಿ’ ಎಂದು ಕಾಯ್ದ ಗಿರಾಕಿಗಳೇ, ನಿಮ್ಮನ್ನು ಫೋನಿನಲ್ಲಷ್ಟೇ ಬಲ್ಲೆವು. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಅಂಗಡಿ ಹಾಕುತ್ತೇವೆ. ಗೋಮಿ ವಿನ್ಯಾಸದ ದಡಿ (ಅಂಚು), ತೋಪುತೆನೆ ವಿನ್ಯಾಸದ ಸೆರಗಿನ ಸೀರೆಗಳನ್ನು ತರುತ್ತೇವೆ. ಕಾಕುವೂ ಬರುತ್ತಾರೆ. ಖರೀದಿ ಇರಲಿ ಬಿಡಲಿ, ಬಂದು ನಿಮ್ಮ ಹೆಸರು ಹೇಳಿರಿ.